ಚಂದಾವರದ ಸಾಲಿನಲ್ಲಿ ಹುಟ್ಟುವ ಪ್ರಶ್ನೆಗಳು

ಡಿಸೆಂಬರ್ 3 ಬಂತೆಂದರೆ ಹೊನ್ನಾವರ ತಾಲೂಕಿನ ಚಂದಾವರಕ್ಕೆ ಜನ ಹೊರಡುತ್ತಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1552ರಲ್ಲಿ ಚೀನಾದ ಕರಾವಳಿಯ ಶಾಂಗ್‌ಚುವಾನ್ ನಡುಗಡ್ಡೆಯಲ್ಲಿ ತೀರಿಕೊಂಡ ದಿನ ಅದು. ಇಲ್ಲಿನ ಇಗರ್ಜಿ ಅವರ ಹೆಸರಿನದು. ಕುಮಟಾ, ಹೊನ್ನಾವರ, ಭಟ್ಕಳದ ಕೊಂಕಣಿ ಕಥೋಲಿಕರ ಜತೆ ಅನ್ಯಧರ್ಮದವರೂ ಬರುತ್ತಾರೆ. ಮೇಣದಬತ್ತಿ ಹಚ್ಚುವುದನ್ನು, ಹರಕೆ ಹೇಳಿಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ತೊಡಕಾಗುವುದು ಬಲಿಪೂಜೆಯ (ಮಾಸ್) ಕೊನೆಯ ಭಾಗದಲ್ಲಿ. ಫಾದರ್ ಬಿಳಿಯ ಬಿಲ್ಲೆಗಳ ಪಾತ್ರೆ ಹಿಡಿದು ಮೆಟ್ಟಿಲಿಳಿಯುತ್ತಾರೆ, ಜನ ಸಾಲುಗಟ್ಟುತ್ತಾರೆ. ಪಕ್ಕದವರು ಎದ್ದರೆಂದು ತಾನೂ ಎದ್ದ ಹಿಂದೂ ಭಕ್ತನಿಗೆ, ಇದು ಕಥೋಲಿಕರಿಗೆ ಮಾತ್ರ ಎಂದು ಯಾರೋ ಮೆಲ್ಲಗೆ ಹೇಳುತ್ತಾರೆ. ದೇವಸ್ಥಾನದಲ್ಲಿ ಕೈ ಚಾಚಿದವರಿಗೆಲ್ಲ ಪ್ರಸಾದ ಸಿಗುವಾಗ ಇಲ್ಲೇಕೆ ಇಲ್ಲ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕುವ ಮೊದಲು ಒಂದು ವಿಂಗಡಣೆ ಮಾಡಿಕೊಂಡರೆ ಅರ್ಧ ಗೊಂದಲ ಕರಗುತ್ತದೆ. ಕಥೋಲಿಕರ ಬದುಕಿನಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದೆಲ್ಲ ಒಂದೇ ತೂಕದ್ದಲ್ಲ. ಕೆಲವು ಬದಲಿಸಲಾಗದ ವಿಶ್ವಾಸದ ಮಾತುಗಳು, ಯೇಸು ಸತ್ತು ಮೂರನೆಯ ದಿನ ಎದ್ದರು ಎಂಬಂಥವು. ಕೆಲವು ಸಭೆ, ಅಂದರೆ ಕಥೋಲಿಕ ಧರ್ಮಸಂಸ್ಥೆ, ತಾನೇ ಮಾಡಿಕೊಂಡ, ಬೇಕಾದರೆ ತಾನೇ ತಿದ್ದಬಹುದಾದ ನಿಯಮಗಳು. ಉಳಿದವು ಊರಿನ ರೂಢಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯ ಊಟ ಮಾಡುವುದು ಈ ಮೂರನೆಯ ಬಗೆ. ಅದು ಪಕ್ಕದ ಮನೆಯ ಹೊಸ್ತು ಹಬ್ಬದ ಒಡಹುಟ್ಟು. ರೋಮ್‌ನಲ್ಲಿ ಅದನ್ನು ಯಾರೂ ಕೇಳಿರಲಾರರು. ಮೊದಲ ಬಗೆಯ ಮಾತುಗಳನ್ನೆಲ್ಲ ಒಟ್ಟುಮಾಡಿ 1992ರಲ್ಲಿ ಎರಡನೆಯ ಜಾನ್ ಪೌಲ್ ಪ್ರಕಟಿಸಿದ ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದಗಳಿವೆ. ನಮ್ಮ ಕರಾವಳಿಗೆ ಈ ಬಗೆಯ ಪುಸ್ತಕ ಹೊಸದೇನಲ್ಲ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಕೊಂಕಣಿಯಲ್ಲಿ ಬರೆದ ಧರ್ಮೋಪದೇಶ ಗೋವೆಯ ರಾಯ್ತೂರಿನಲ್ಲಿ 1622ರಲ್ಲೇ ಅಚ್ಚಾಗಿತ್ತು.

ಚಂದಾವರದ ಸಾಲಿಗೆ ಮರಳೋಣ. ಆ ಬಿಲ್ಲೆಯಲ್ಲಿ ಇರುವುದು ಗೋಧಿ ಹಿಟ್ಟು ಮತ್ತು ನೀರು, ಅಷ್ಟೇ. ಹುಳಿಯಿಲ್ಲ, ಉಪ್ಪಿಲ್ಲ, ಸಿಹಿಯಿಲ್ಲ. ಮೂರು ಹೊತ್ತು ಅನ್ನ ಉಣ್ಣುವ ಈ ನೆಲದಲ್ಲೂ ಅಕ್ಕಿಯದನ್ನು ಬಳಸುವಂತಿಲ್ಲ. ಗೋಧಿಯೇ ಆಗಬೇಕು, ಜತೆಗೆ ದ್ರಾಕ್ಷಿಯಿಂದಲೇ ಮಾಡಿದ ದ್ರಾಕ್ಷಾರಸ. ಯೇಸು ಕೊನೆಯ ಊಟದಲ್ಲಿ ಬಳಸಿದ್ದು ಅವನ್ನೇ ಎಂಬ ಕಾರಣಕ್ಕೆ ಈ ಹಟ. ಫಾದರ್ ಅದೇ ಊಟದ ಮಾತುಗಳನ್ನು ಉಚ್ಚರಿಸಿದಾಗ ರೊಟ್ಟಿ ಕ್ರಿಸ್ತನ ದೇಹವಾಗುತ್ತದೆ, ದ್ರಾಕ್ಷಾರಸ ರಕ್ತವಾಗುತ್ತದೆ ಎಂಬುದು ಕಥೋಲಿಕ ವಿಶ್ವಾಸದ ಹೃದಯ. ಬಣ್ಣ, ರುಚಿ, ವಾಸನೆ ಯಾವುದೂ ಬದಲಾಗದು. ಪ್ರಯೋಗಾಲಯಕ್ಕೆ ಕೊಂಡೊಯ್ದರೆ ಗೋಧಿಯೆಂದೇ ವರದಿ ಬರುತ್ತದೆ, ಸಭೆ ಅದನ್ನು ಅಲ್ಲಗಳೆಯುವುದೂ ಇಲ್ಲ. ಬದಲಾಗುವುದು ಒಳಗಿನ ಸತ್ವ. 1215ರ ಲ್ಯಾಟರನ್ ಮಹಾಸಭೆ ಈ ಮಾತನ್ನು ಬಳಸಿತು. ಪ್ರಾಟೆಸ್ಟೆಂಟರು ತಕರಾರೆತ್ತಿದ ಮೇಲೆ 1551ರಲ್ಲಿ ಟ್ರೆಂಟ್ ಮಹಾಸಭೆ ಇನ್ನಷ್ಟು ಬಿಗಿಯಾಗಿ ಹೇಳಿತು.

ಹಾಗೆ ನಂಬುವವರಿಗೆ ಅದು ಹಂಚುವ ಪ್ರಸಾದವಲ್ಲ. ಸ್ವೀಕರಿಸುವವನು ‘ಆಮೆನ್’ ಎಂದು ಬಾಯಿಬಿಟ್ಟು ಒಪ್ಪಿಗೆ ಹೇಳಿ ಒಳಗೊಳ್ಳುವ ನಂಟು. ಎಡ ಅಂಗೈಯನ್ನು ಬಲ ಅಂಗೈಯ ಮೇಲಿಟ್ಟು ಚಾಚುತ್ತಾರೆ, ಬಿಲ್ಲೆಯನ್ನು ಬಲಗೈಯಿಂದ ತೆಗೆದು ಅಲ್ಲೇ ಬಾಯಿಗಿಡಬೇಕು. ಕಿಸೆಗಿಟ್ಟು ಮನೆಗೆ ಒಯ್ಯುವಂತಿಲ್ಲ. ಸ್ವೀಕರಿಸುವುದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿಂದಿರಬಾರದು. ಕಥೋಲಿಕ ಮನೆಯ ಮಗುವಿಗೂ ಹುಟ್ಟಿನಿಂದ ಇದರ ಹಕ್ಕಿಲ್ಲ; ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಕಲಿತು, ಬಿಳಿ ಬಟ್ಟೆ ತೊಟ್ಟು ಮೊದಲ ಪರಮಪ್ರಸಾದ ಪಡೆಯುವ ದಿನದವರೆಗೆ ಅದೂ ಬೆಂಚಿನಲ್ಲೇ ಕೂರಬೇಕು. ಗಂಭೀರ ಪಾಪ ಮಾಡಿ ಪಾಪನಿವೇದನೆ ಮಾಡದ ಕಥೋಲಿಕನೂ ಸಾಲಿನಿಂದ ದೂರ. ಅಂದಮೇಲೆ ಅನ್ಯಧರ್ಮದವರನ್ನು ತಡೆಯುವುದು ಮಡಿ–ಮೈಲಿಗೆಯ ಲೆಕ್ಕದಲ್ಲಲ್ಲ. ಇಷ್ಟನ್ನು ಹಬ್ಬದ ದಿನ ಧ್ವನಿವರ್ಧಕದಲ್ಲಿ ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿಬಿಟ್ಟರೆ ಎಷ್ಟೋ ಜನರ ಮನಸ್ಸಿನ ಕಸಿವಿಸಿ ತಪ್ಪೀತು.

ಆದರೆ ಬಲಿಪೂಜೆ ಮಾಡುವ ಪಾದ್ರಿಯೇ ಸರಿಯಿಲ್ಲದಿದ್ದರೆ? ಈ ಪ್ರಶ್ನೆ 17ನೇ ಶತಮಾನದಲ್ಲಿ ಇದೇ ಕರಾವಳಿಯನ್ನು ಕಾಡಿತ್ತು. ಪೂರ್ವದೇಶಗಳ ಕ್ರೈಸ್ತರ ಮೇಲ್ವಿಚಾರಣೆಯನ್ನು ಪೋಪರು ಹಿಂದೆಯೇ ಪೋರ್ಚುಗಲ್ ರಾಜನಿಗೆ ಬಿಟ್ಟುಕೊಟ್ಟಿದ್ದರು. ಪೋರ್ಚುಗೀಸರು 1569ರ ಹೊತ್ತಿಗೆ ಹೊನ್ನಾವರದ ಕೋಟೆ ಹಿಡಿದಿದ್ದರು; ಮುಂದೆ ಬಲ ಕುಗ್ಗಿದಾಗ 1678ರಲ್ಲಿ ಕೆಳದಿ ಅರಸೊತ್ತಿಗೆಯ ಜತೆ ಒಪ್ಪಂದ ಮಾಡಿಕೊಂಡು ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗೆ ಅನುಮತಿ ಪಡೆದರು. ಅತ್ತ ರೋಮ್ ತನ್ನದೇ ಪ್ರತಿನಿಧಿಯಾಗಿ ಗೋವೆಯವರೇ ಆದ ಬಿಷಪ್ ಥಾಮಸ್ ಡಿ ಕಾಸ್ತ್ರೊ ಅವರನ್ನು ಕೆನರಾಕ್ಕೆ ನೇಮಿಸಿತ್ತು. ಪೋರ್ಚುಗೀಸರ ಆಳ್ವಿಕೆಯ ಗೋವೆಯ ಕಡೆಯವರು ಕಾಸ್ತ್ರೊಗೆ ಅಧಿಕಾರವಿಲ್ಲವೆಂದರು, ಕಾಸ್ತ್ರೊ ಕಡೆಯವರು ಗೋವೆಯ ಪಾದ್ರಿಗಳಿಗೆ ಇಲ್ಲವೆಂದರು. ಯಾರ ಬಳಿ ಮಾಡಿದ ಪಾಪನಿವೇದನೆ ಊರ್ಜಿತ, ಯಾರು ಮಾಡಿಸಿದ ಮದುವೆ ಮದುವೆ ಎಂದು ಜನ ತಲೆ ಕೆರೆದುಕೊಳ್ಳುವಂತಾಯಿತು.

ಇದರ ನಡುವೆ 1681ರಲ್ಲಿ ಕೆನರಾಕ್ಕೆ ಬಂದವರು ಬಾಣಾವಲಿಯಲ್ಲಿ ಹುಟ್ಟಿದ, ಮೂವತ್ತರ ಆಸುಪಾಸಿನ ಪಾದ್ರಿ ಜೋಸೆಫ್ ವಾಜ್. ಗೋವೆ ಕಳಿಸಿದವರಾದರೂ ಕಾಸ್ತ್ರೊ ಜತೆ ಜಗಳಕ್ಕೆ ನಿಲ್ಲದೆ ರಾಜಿಗೆ ಯತ್ನಿಸಿದರು. ಮೂರು ವರ್ಷ ಕರಾವಳಿಯುದ್ದಕ್ಕೂ ಓಡಾಡಿ, ಆಮೇಲೆ ಡಚ್ಚರ ಹಿಡಿತದ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಅಂದಿನ ಜನರ ಪ್ರಶ್ನೆಗೆ ಸಭೆಯ ಉತ್ತರ ಎರಡು ಭಾಗದ್ದು. ಬಲಿಪೂಜೆ ಮತ್ತು ಜ್ಞಾನಸ್ನಾನದ ಫಲ ಪಾದ್ರಿಯ ಯೋಗ್ಯತೆಯನ್ನು ಅವಲಂಬಿಸಿಲ್ಲ. ಕೆಲಸ ಮಾಡುವವನು ಕ್ರಿಸ್ತ. ಸಂತ ಅಗಸ್ಟಿನ್ ಇದನ್ನು ಉತ್ತರ ಆಫ್ರಿಕಾದಲ್ಲಿ ಸಾವಿರದ ಆರುನೂರು ವರ್ಷದ ಹಿಂದೆಯೇ ವಾದಿಸಿ ಗೆದ್ದಿದ್ದರು. ಎಷ್ಟರಮಟ್ಟಿಗೆ ಎಂದರೆ, ಮಗು ಸಾಯುವ ಸ್ಥಿತಿಯಲ್ಲಿದ್ದರೆ ಹೆರಿಗೆ ಕೋಣೆಯ ಹಿಂದೂ ಇಲ್ಲವೇ ಮುಸ್ಲಿಂ ನರ್ಸ್ ಕೂಡ, ಸಭೆಯ ಉದ್ದೇಶವನ್ನು ಮನಸ್ಸಿನಲ್ಲಿಟ್ಟು, ತಲೆಗೆ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೆ ಆ ಜ್ಞಾನಸ್ನಾನ ಪೂರ್ತಿ ಸಿಂಧು. ಆದರೆ ಪಾಪನಿವೇದನೆ ಕೇಳಲು ಪಾದ್ರಿಯಾಗಿದ್ದರೆ ಸಾಲದು, ಅಧಿಕಾರವೂ ಬೇಕು. ಆದ್ದರಿಂದಲೇ ಹೊನ್ನಾವರದವರ ಆತಂಕ ಬರೀ ಭ್ರಮೆಯಾಗಿರಲಿಲ್ಲ.

ಪಾಪನಿವೇದನೆಯ ಬಗ್ಗೆ ಹೊರಗಿನವರಿಗೆ ಇರುವ ಅನುಮಾನ ಬೇರೆ: ತಪ್ಪು ಮಾಡು, ಹೇಳು, ಮತ್ತೆ ಮಾಡು, ಎಷ್ಟು ಸುಲಭ! ಮರದ ಗೂಡಿನ ಜಾಲರಿಯಾಚೆ ಮೊಣಕಾಲೂರಿದವರಿಗೆ ಅದು ಅಷ್ಟು ಸುಲಭವೆನಿಸದು. ನಿಜವಾದ ಪಶ್ಚಾತ್ತಾಪ, ಮತ್ತೆ ಮಾಡೆನೆಂಬ ನಿರ್ಧಾರ, ಆದ ನಷ್ಟ ತುಂಬಿಕೊಡುವುದು ಎಲ್ಲವೂ ಸೇರಿದರೆ ಮಾತ್ರ ಕ್ಷಮೆ. ನೆರೆಯವನ ತೋಟದ ಅಡಿಕೆ ಕದ್ದವನು ಅಡಿಕೆಯನ್ನೋ ಅದರ ಬೆಲೆಯನ್ನೋ ಮರಳಿಸಬೇಕು, ಬರೀ ಪ್ರಾರ್ಥನೆ ಹೇಳಿ ಪಾರಾಗುವಂತಿಲ್ಲ. ಕೇಳಿದ್ದನ್ನು ಫಾದರ್ ಯಾರಿಗೂ, ನ್ಯಾಯಾಲಯದಲ್ಲೂ, ಹೇಳುವಂತಿಲ್ಲ. ಬೇಕೆಂದೇ ಬಾಯಿಬಿಟ್ಟರೆ ಆ ಕ್ಷಣಕ್ಕೇ ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮ್‌ಗೆ ಮಾತ್ರ.

ಇನ್ನು ಯೇಸುವಿನ ತಾಯಿ ಮರಿಯಮ್ಮ. ಕಥೋಲಿಕರು ಆಕೆಯನ್ನು ದೇವರೆಂದು ಪೂಜಿಸುತ್ತಾರೆಯೇ? ಇಲ್ಲ. ಆರಾಧನೆ ದೇವರೊಬ್ಬನಿಗೆ, ಸಂತರಿಗೆ ಗೌರವ, ಮರಿಯಮ್ಮನಿಗೆ ಎಲ್ಲ ಸಂತರಿಗಿಂತ ಹೆಚ್ಚಿನ ಗೌರವ. ಮುಸ್ಸಂಜೆ ಕೊಂಕಣಿ ಮನೆಗಳಲ್ಲಿ ಜಪಮಾಲೆ ಹಿಡಿದು ಹೇಳುವ ತೇರ್ಸ್‌ನಲ್ಲೂ ಆಕೆಯನ್ನು ಬೇಡುವುದು ‘ನಮಗಾಗಿ ಪ್ರಾರ್ಥಿಸು’ ಎಂದೇ. ಪ್ರತಿಮೆಗೆ ಸಲ್ಲುವ ಗೌರವ ಪ್ರತಿಮೆಯನ್ನು ದಾಟಿ ಆ ವ್ಯಕ್ತಿಗೆ ಸಲ್ಲುತ್ತದೆ ಎಂದು ನಿಖೇಯಾದ ಎರಡನೆಯ ಮಹಾಸಭೆ 787ರಲ್ಲೇ ತೀರ್ಮಾನ ಕೊಟ್ಟಿತ್ತು. ಹರಕೆ ಹೊತ್ತವರ ಎದೆಯಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿರುತ್ತದೆಯೇ ಎಂಬುದು ಬೇರೆ ಮಾತು. ಕಥೋಲಿಕರೇ ಹೆಚ್ಚಾಗಿ ಎಡವುವ ವಿಷಯವೂ ಒಂದಿದೆ: 1854ರಲ್ಲಿ ಒಂಬತ್ತನೇ ಪಿಯುಸ್ ಘೋಷಿಸಿದ ‘ನಿಷ್ಕಳಂಕ ಗರ್ಭ’ ಯೇಸುವಿನ ಜನನದ ಕುರಿತದ್ದಲ್ಲ. ಮರಿಯಮ್ಮ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಪಾಪದ ಕಳಂಕವಿಲ್ಲದೆ ಇದ್ದಳೆಂಬುದು ಅದರ ಅರ್ಥ.

ಬಲಿಪೂಜೆಯಲ್ಲಿ ಆರತಿ ಬೆಳಗುವುದು, ಪಂಚಾಂಗ ಪ್ರಣಾಮ ಇವೆಲ್ಲ ಹಿಂದೂಗಳ ನಕಲೇ ಎಂದು ಕೇಳುವವರುಂಟು, ಮೂಗು ಮುರಿಯುವ ಕಥೋಲಿಕರೂ ಉಂಟು. 1969ರ ಏಪ್ರಿಲ್ 25ರಂದು ಭಾರತದ ಬಿಷಪರ ಕೋರಿಕೆಯಂತೆ ರೋಮ್ ಇಂಥ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಇವು ರೂಢಿಯ ಸಾಲಿಗೆ ಸೇರಿದವು. ಬೇಕಾದಲ್ಲಿ ಇಟ್ಟುಕೊಳ್ಳಬಹುದು, ಬಿಡಬಹುದು.

ಪೋಪರು ತಪ್ಪೇ ಮಾಡರು ಎಂಬ ನಂಬಿಕೆಯಿದೆ ಎಂದು ಹಲವರು ತಿಳಿದಿದ್ದಾರೆ. ಪೋಪರೂ ಪಾಪನಿವೇದನೆ ಮಾಡುತ್ತಾರೆಂಬ ಒಂದೇ ಸಂಗತಿ ಇದಕ್ಕೆ ಸಾಕಷ್ಟು ಉತ್ತರ. 1870ರ ಜುಲೈ 18ರಂದು ಮಹಾಸಭೆ ಕೊಟ್ಟ ನಿರ್ಣಯ ಹೇಳುವುದು ಇಷ್ಟೇ: ವಿಶ್ವಾಸ ಅಥವಾ ನೀತಿಯ ವಿಷಯದಲ್ಲಿ, ಇಡೀ ಸಭೆಗೆ, ಇದು ಅಂತಿಮ ಎಂದು ಪೋಪರು ತಮ್ಮ ಪೀಠದಿಂದ ವಿಧಿವತ್ತಾಗಿ ಸಾರಿದಾಗ ಮಾತ್ರ ಅದರಲ್ಲಿ ತಪ್ಪಿರದು. ಅಂದಿನಿಂದ ಹಾಗೆ ಸಾರಿದ್ದು ಒಂದೇ ಸಲ: ಮರಿಯಮ್ಮ ದೇಹಸಮೇತ ಸ್ವರ್ಗಕ್ಕೆ ಸೇರಿದಳೆಂದು 1950ರಲ್ಲಿ. ಅರ್ಜೆಂಟೀನಾದ ಪೋಪ್ ಫ್ರಾನ್ಸಿಸ್ ಫುಟ್‌ಬಾಲ್ ಬಗ್ಗೆ ಆಡಿದ ಮಾತುಗಳಿಗೆ ಈ ರಕ್ಷಣೆಯಿರಲಿಲ್ಲ.

ಭಟ್ಕಳದಲ್ಲಿ ಪ್ರಶ್ನೆಯ ಧಾಟಿ ಬೇರೆಯಾಗುತ್ತದೆ. ನವಾಯತ ಮುಸ್ಲಿಮರು ನೆಲೆಸಿದ ಊರಿದು. ಕ್ರೈಸ್ತರಲ್ಲದವರೆಲ್ಲ ನರಕಕ್ಕೆ ಹೋಗುವರೆಂದು ನೀವು ನಂಬುತ್ತೀರಂತೆ, ಹೌದೇ? ಇದರ ಹಿಂದೆ ಹಳೆಯ ಗಾಯವೂ ಇದೆ. ಕ್ಸೇವಿಯರ್ 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿದ್ದು ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜಾನ ಜತೆ. ಅದೇ ಸೋಜಾ ಅದೇ ವರ್ಷ ಭಟ್ಕಳವನ್ನು ಸುಟ್ಟು ಸೂರೆಗೈದ. ಶಿಲುಬೆಯೂ ಕತ್ತಿಯೂ ಒಂದೇ ಹಡಗಿನಲ್ಲಿ ಬಂದವೆಂಬ ಮಾತನ್ನು ಇಲ್ಲಿ ಯಾರೂ ಸುಮ್ಮನೆ ತಳ್ಳಿಹಾಕಲಾರರು. ಸಭೆಯ ಹೊರಗೆ ಮುಕ್ತಿಯಿಲ್ಲ ಎಂಬ ಸೂತ್ರವೂ ಹಳೆಯದೇ. ಆದರೆ ಅದನ್ನು ಅಕ್ಷರಶಃ ಹಿಡಿದು ಕೂತ ಬಾಸ್ಟನ್‌ನ ಪಾದ್ರಿ ಲಿಯೊನಾರ್ಡ್ ಫೀನಿಯ ವ್ಯಾಖ್ಯಾನವನ್ನು ರೋಮ್ 1949ರಲ್ಲಿ ತಿರಸ್ಕರಿಸಿತು. ರೋಮ್ ಕರೆದರೂ ಆತ ಹೋಗದಿದ್ದಾಗ 1953ರಲ್ಲಿ ಸಭೆಯಿಂದಲೇ ಹೊರಹಾಕಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು: ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ, ಅಂತಃಸಾಕ್ಷಿಯಂತೆ ಬದುಕಿದರೆ ಅವರಿಗೂ ಮುಕ್ತಿ ಸಾಧ್ಯ. ಮರುವರ್ಷ ಅಕ್ಟೋಬರ್ 28ರ ಘೋಷಣೆ ಮುಸ್ಲಿಮರು ಯೇಸುವನ್ನು ಪ್ರವಾದಿಯೆಂದು ಗೌರವಿಸುವುದನ್ನು, ಮರಿಯಮ್ಮನನ್ನು ಮನ್ನಿಸುವುದನ್ನು ಹೆಸರಿಸಿ ಮೆಚ್ಚಿತು. ಕುರ್‌ಆನಿನ 19ನೇ ಅಧ್ಯಾಯಕ್ಕೆ ಆಕೆಯದೇ ಹೆಸರು. ಕ್ರಿಸ್ತನೇ ಮುಕ್ತಿದಾತ ಎಂಬ ಮಾತನ್ನು ಮಹಾಸಭೆ ಕೈಬಿಡಲಿಲ್ಲ ಎಂಬುದನ್ನೂ ಸೇರಿಸಿ ಹೇಳುವುದು ಪ್ರಾಮಾಣಿಕತೆ.

ನಿಯಮಗಳ ಸಾಲಿನ ಪ್ರಶ್ನೆಗಳಿಗೆ ಚುಟುಕು ಉತ್ತರ ಸಾಕು. ಪಾದ್ರಿಗಳ ಬ್ರಹ್ಮಚರ್ಯ ಲ್ಯಾಟಿನ್ ಸಭೆಯ ಶಿಸ್ತು. ಪೋಪರನ್ನೇ ಒಪ್ಪುವ ಹಲವು ಪೂರ್ವ ದೇಶದ ಕಥೋಲಿಕ ಸಭೆಗಳಲ್ಲಿ ಮದುವೆಯಾದವರು ಪಾದ್ರಿಗಳಾಗುತ್ತಾರೆ. ಶವ ಸುಡುವುದಕ್ಕೆ 1963ರಿಂದ ಅಡ್ಡಿಯಿಲ್ಲ, ಹೂಳುವುದು ಮೇಲು ಅಷ್ಟೆ. ಆದರೆ ಬೂದಿಯನ್ನು ಶರಾವತಿಗೋ ಕಡಲಿಗೋ ಬಿಡಬಾರದು, ಪವಿತ್ರ ಸ್ಥಳದಲ್ಲಿ ಇಡಬೇಕು ಎಂದು 2016ರಲ್ಲಿ ರೋಮ್ ನೆನಪಿಸಿತು.

ಕೊನೆಯದಾಗಿ, ಈಚೆಗೆ ಮನೆಮನೆಯಲ್ಲೂ ಏಳುವ ಪ್ರಶ್ನೆ: ಕಥೋಲಿಕ ಹುಡುಗಿಯನ್ನು ಹಿಂದೂ ಹುಡುಗ ಇಗರ್ಜಿಯಲ್ಲಿ ಮದುವೆಯಾಗಬೇಕಾದರೆ ಮತಾಂತರ ಆಗಲೇಬೇಕೇ? ಬೇಡ. ಬಿಷಪರ ವಿಶೇಷ ಅನುಮತಿ ಬೇಕು. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆ ಎಂದು ಹುಡುಗಿ ಮಾತು ಕೊಡಬೇಕು. ಹುಡುಗನಿಗೆ ಆ ಮಾತು ತಿಳಿದಿದ್ದರೆ ಸಾಕು, ಆತ ಏನನ್ನೂ ಒಪ್ಪಿಕೊಡಬೇಕಿಲ್ಲ. 1970ರಲ್ಲಿ ಆರನೇ ಪೌಲ್ ಸಡಿಲಿಸುವ ಮುನ್ನ ಇಬ್ಬರಿಂದಲೂ ಮಾತು ಪಡೆಯಲಾಗುತ್ತಿತ್ತು. ಕುಮಟಾ, ಹೊನ್ನಾವರ, ಭಟ್ಕಳದವರ ಅರ್ಜಿ ಊರಿನ ಫಾದರ್ ಮೂಲಕ ಕಾರವಾರದ ಧರ್ಮಾಧ್ಯಕ್ಷರ ಕಚೇರಿಗೆ ಹೋಗುತ್ತದೆ. 1976ರ ಜನವರಿ 24ರಂದು ಕಾರವಾರ ಧರ್ಮಪ್ರಾಂತ್ಯ ಬೇರೆಯಾಗುವ ಮೊದಲು ಅದಕ್ಕೆ ಘಟ್ಟ ಹತ್ತಿ ಬೆಳಗಾವಿಗೆ ಹೋಗಬೇಕಿತ್ತು.