ನಿಲ್ಲದವರನ್ನು ಹಿಡಿದ ಕ್ಯಾಮೆರಾ

1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಲೂಯಿ ಡಾಗೇರ್ ಪ್ಯಾರಿಸ್ಸಿನ ಕಿಟಕಿಯೊಂದರಿಂದ ಕೆಳಗಿನ ಬೀದಿಯ ಚಿತ್ರ ತೆಗೆದ. ಹಗಲು ಹೊತ್ತು, ಕುದುರೆಗಾಡಿ, ಜನ ಗಿಜಿಗುಡುವ ಬೀದಿ. ಚಿತ್ರದಲ್ಲಿ ಮಾತ್ರ ಅದು ಬಿಕೋ ಎನ್ನುತ್ತದೆ. ತಗಡಿನ ಮೇಲೆ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ನಡೆದುಹೋದವರ ಗುರುತೂ ಉಳಿಯಲಿಲ್ಲ. ಉಳಿದವನು ಮೂಲೆಯಲ್ಲಿ ಕಾಲು ಎತ್ತಿಟ್ಟು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದವನು. ಉಜ್ಜುತ್ತಿದ್ದವನು ಮಸುಕು ಮಸುಕು.

ಮುಂದೆ ಪ್ಲೇಟುಗಳು ಚುರುಕಾದವು, ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳೂ ಬಂದವು. ಆದರೂ ಚೊಕ್ಕ ಚಿತ್ರ ಬೇಕೆಂದವರು ದೊಡ್ಡ ಪೆಟ್ಟಿಗೆ, ಗಾಜಿನ ಪ್ಲೇಟು, ಮುಕ್ಕಾಲಿ ಎಲ್ಲ ಹೊರಬೇಕಿತ್ತು. ಅದನ್ನು ಹೂಡುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿ, ಜನ ಟೋಪಿ ಸರಿಮಾಡಿಕೊಂಡು ಸೆಟೆದು ನಿಂತುಬಿಡುತ್ತಿದ್ದರು.

ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಾರ್ಖಾನೆ ಸೂಕ್ಷ್ಮದರ್ಶಕಗಳಿಗೆ ಹೆಸರಾದದ್ದು. ಅಲ್ಲಿನ ತಂತ್ರಜ್ಞ ಆಸ್ಕರ್ ಬಾರ್ನಾಕ್‌ಗೆ ಬೆಟ್ಟಗುಡ್ಡ ಸುತ್ತಿ ಚಿತ್ರ ತೆಗೆಯುವ ಆಸೆ, ಆದರೆ ಉಬ್ಬಸ. ಆ ಭಾರ ಹೊತ್ತರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬೀದಿ ಚಿತ್ರದ ಕಲೆ ಹುಟ್ಟಿದ್ದೇ ಆ ಏದುಸಿರಿನಿಂದ ಎಂದು ನಾನು ನಂಬಿದ್ದೇನೆ.

ಆತನ ಕಣ್ಣು ಬಿದ್ದದ್ದು ಸಿನಿಮಾ ಫಿಲ್ಮಿನ ಮೇಲೆ. ಸಿನಿಮಾ ಯಂತ್ರದಲ್ಲಿ ಅದು ಮೇಲಿಂದ ಕೆಳಗೆ ಓಡುತ್ತದೆ, ಒಂದೊಂದು ಚೌಕಟ್ಟು 18×24 ಮಿಲಿಮೀಟರ್. ಬಾರ್ನಾಕ್ ಸುರುಳಿಯನ್ನು ಅಡ್ಡಕ್ಕೆ ಓಡಿಸಿದ. ಚೌಕಟ್ಟು 24×36ಕ್ಕೆ, ಅಂದರೆ ಇಮ್ಮಡಿಗೆ ಹಿಗ್ಗಿತು. ನೆಗೆಟಿವ್ ಚಿಕ್ಕದಿರಲಿ, ಚಿತ್ರವನ್ನು ಆಮೇಲೆ ದೊಡ್ಡದು ಮಾಡಿಕೊಂಡರಾಯಿತು! 1914ರ ಹೊತ್ತಿಗೆ ಜೇಬಿಗಿಳಿಯುವ ಕ್ಯಾಮೆರಾ ಸಿದ್ಧವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, ಯುದ್ಧಕ್ಕೆ ಸಜ್ಜಾಗಬೇಕೆಂಬ ಆಜ್ಞೆಯನ್ನು ಊರಿನಲ್ಲಿ ಅಂಟಿಸಿದ ಸೈನಿಕನನ್ನು ಬಾರ್ನಾಕ್ ಅದರಲ್ಲಿ ಹಿಡಿದ.

ಮೊದಲ ಮಹಾಯುದ್ಧ ಎಲ್ಲವನ್ನೂ ಮೂಲೆಗೆ ತಳ್ಳಿತು. ಇಂಥ ಪುಟಾಣಿಯನ್ನು ಯಾರು ಕೊಂಡಾರು ಎಂಬ ಅನುಮಾನ ಬೇರೆ. ಕಡೆಗೆ 1924ರಲ್ಲಿ ಕಾರ್ಖಾನೆಯ ಒಡೆಯ ಎರಡನೇ ಅರ್ನ್‌ಸ್ಟ್ ಲೈಟ್ಸ್ ಅದನ್ನು ಮಾರುಕಟ್ಟೆಗೆ ತರುವ ಧೈರ್ಯ ಮಾಡಿದರು. 1925ರ ಲೈಪ್ಜಿಗ್ ಮೇಳದಲ್ಲಿ ‘ಲೈಕಾ’ ಎಂಬ ಹೆಸರಿನಲ್ಲಿ ಅದು ಜನರ ಕಣ್ಣಿಗೆ ಬಿತ್ತು.

ಹಗುರ ಕ್ಯಾಮೆರಾ ಬಂದ ಮಾತ್ರಕ್ಕೆ ಕೆಲಸ ಸಲೀಸಾಗಲಿಲ್ಲ. ಅಪರಿಚಿತರ ಹತ್ತಿರ ಹೋಗಬೇಕು, ಅವರ ಮಾನಕ್ಕೆ ಕುಂದು ತರಬಾರದು, ಕ್ಷಣವೂ ತಪ್ಪಬಾರದು. ನಾನು ಇವತ್ತಿಗೂ ಬೀದಿಯಲ್ಲಿ ಕ್ಯಾಮೆರಾ ಎತ್ತುವಾಗ ಎದೆ ಡವಗುಟ್ಟುತ್ತದೆ. ಡವಗುಟ್ಟಲಿ, ಆ ಅಳುಕು ಇರಬೇಕಾದದ್ದೇ. ಲೈಕಾ ಕೊಂಡ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋ ಅದರ ಹೊಳೆಯುವ ಭಾಗಗಳಿಗೆ ಕಪ್ಪು ಬಳಿದಿದ್ದರು, ಯಾರ ಗಮನವೂ ಇತ್ತ ಹರಿಯದಿರಲೆಂದು.

1932ರಲ್ಲಿ ಅವರು ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದ ಹಿಂದೆ, ಹಲಗೆ ಬೇಲಿಯ ಸಂದಿಗೆ ಲೆನ್ಸ್ ಒಡ್ಡಿದರು. ಸಂದಿ ಕಿರಿದು, ಚಿತ್ರದ ಎಡಬದಿಗೆ ಹಲಗೆ ಅಡ್ಡ ಬಂತು. ಆಚೆ ನಿಂತ ನೀರು, ನೀರಲ್ಲಿ ಬಿದ್ದ ಏಣಿ. ಟೋಪಿ ಹಾಕಿದವನೊಬ್ಬ ಏಣಿಯಿಂದ ಜಿಗಿದಿದ್ದಾನೆ. ಅವನ ಹಿಮ್ಮಡಿ ನೀರಿಗೆ ತಾಗಲು ಇನ್ನೂ ಕೂದಲೆಳೆಯಷ್ಟು ಬಾಕಿ.