ಉಪ್ಪು, ಲೋಹ ಮತ್ತು ಪರಮಾಣುಬಂಧ

ಸೋಡಿಯಂ ಬೆಳ್ಳಿಯ ಹೊಳಪುಳ್ಳ ಲೋಹ. ಅದನ್ನು ಚಾಕುವಿನಿಂದ ಕೊಯ್ಯಬಹುದು. 98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಅದು ಕರಗುತ್ತದೆ. ವಿದ್ಯುತ್ತು ಅದರಲ್ಲಿ ಸರಾಗವಾಗಿ ಹರಿಯುತ್ತದೆ. ಅದೇ ಸೋಡಿಯಂ ಕ್ಲೋರೀನ್ ಅನಿಲದೊಡನೆ ಕೂಡಿ ಅಡುಗೆಯ ಉಪ್ಪಾಯಿತೆಂದರೆ ಈ ಗುಣಗಳೆಲ್ಲ ತಲೆಕೆಳಗಾಗುತ್ತವೆ. ಉಪ್ಪಿನ ಹರಳು ಪೆಟ್ಟುಬಿದ್ದರೆ ಒಡೆಯುತ್ತದೆ. 801 ಡಿಗ್ರಿಯವರೆಗೆ ಕರಗದು. ಘನರೂಪದಲ್ಲಿ ವಿದ್ಯುತ್ತನ್ನು ಒಯ್ಯದು. ಮೂಲವಸ್ತು ಅದೇ ಆಗಿದ್ದೂ ಇಷ್ಟು ಗುಣಭೇದವೇಕೆ?

ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನಿದೆ; ಅದರ ಹಿಡಿತವೂ ಸಡಿಲ. ಕ್ಲೋರೀನಿಗಾದರೋ ಹೊರಕವಚ ತುಂಬಲು ಒಂದು ಎಲೆಕ್ಟ್ರಾನು ಕಡಮೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು ಆಗುತ್ತದೆ. ಪರಸ್ಪರ ಆಕರ್ಷಣೆಯೇ ಅವುಗಳ ಬಂಧ. ಈ ಆಕರ್ಷಣೆ ಎಲ್ಲ ದಿಕ್ಕುಗಳಿಗೂ ಹರಡುವುದರಿಂದ ಇಲ್ಲಿ ಬೇರೆಬೇರೆ ಜೋಡಿಗಳಿಲ್ಲ. ಪ್ರತಿಯೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೀನ್ ಅಯಾನುಗಳೂ, ಪ್ರತಿಯೊಂದು ಕ್ಲೋರೀನ್ ಅಯಾನಿನ ಸುತ್ತ ಆರು ಸೋಡಿಯಂ ಅಯಾನುಗಳೂ ಇರುವುದನ್ನು ಡಬ್ಲ್ಯು. ಎಲ್. ಬ್ರ್ಯಾಗ್ 1913ರಲ್ಲಿ ಕ್ಷ-ಕಿರಣಗಳಿಂದ ಕಂಡುಕೊಂಡನು. ಉಪ್ಪಿಗೆ ಅಣುವೇ ಇಲ್ಲವೆಂಬ ಈ ಮಾತು ಹಳಬರಿಗೆ ರುಚಿಸಲಿಲ್ಲ. ಹಿರಿಯ ರಸಾಯನಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿಯೂ ‘ನೇಚರ್’ ಪತ್ರಿಕೆಗೆ ಬರೆದು ಪ್ರತಿಭಟಿಸಿದನು.

ಆದರೆ ಉಪ್ಪಿನ ನಡತೆಗೆ ಸಮಾಧಾನ ದೊರೆಯುವುದು ಈ ರಚನೆಯಿಂದಲೇ. ಪೆಟ್ಟಿನಿಂದ ಒಂದು ಪದರ ಸ್ವಲ್ಪ ಸರಿದರೆ ಧನಕ್ಕೆ ಧನವೂ ಋಣಕ್ಕೆ ಋಣವೂ ಎದುರಾಗಿ ಒಂದನ್ನೊಂದು ತಳ್ಳುತ್ತವೆ, ಹರಳು ಸೀಳುತ್ತದೆ. ಅಯಾನುಗಳು ತಮ್ಮ ನೆಲೆಯಿಂದ ಕದಲಲಾರದ ಕಾರಣ ವಿದ್ಯುತ್ತು ಹರಿಯದು; ಉಪ್ಪು ಕರಗಿ ದ್ರವವಾದಾಗ, ಇಲ್ಲವೆ ನೀರಿನಲ್ಲಿ ಬೆರೆತಾಗ, ಅವು ಬಿಡುಗಡೆಹೊಂದಿ ವಿದ್ಯುತ್ತನ್ನು ಒಯ್ಯುತ್ತವೆ. ಅಯಾನುಗಳ ವಿದ್ಯುದಂಶ ಇಮ್ಮಡಿಯಾದರೆ ಬಂಧವೂ ಬಲವಾಗುತ್ತದೆ. ಮೆಗ್ನೀಸಿಯಂ ಆಕ್ಸೈಡು 2,800 ಡಿಗ್ರಿಯನ್ನು ದಾಟಿದ ಮೇಲೆಯೇ ಕರಗುವುದು. ಆದುದರಿಂದಲೇ ಉಕ್ಕಿನ ಕುಲುಮೆಗಳ ಒಳಗೋಡೆಗೆ ಅದರ ಇಟ್ಟಿಗೆ ಬಳಸುತ್ತಾರೆ.

ಲೋಹದ ವ್ಯವಸ್ಥೆ ಬೇರೆ. ಅಲ್ಲಿ ಹೊರಕವಚದ ಎಲೆಕ್ಟ್ರಾನುಗಳು ಯಾವೊಂದು ಪರಮಾಣುವಿನ ಸೊತ್ತೂ ಅಲ್ಲ. ಇಡೀ ಲೋಹಖಂಡದಲ್ಲಿ ಸಂಚರಿಸುತ್ತ ಧನ ಅಯಾನುಗಳನ್ನೆಲ್ಲ ಒಟ್ಟಿಗೆ ಹಿಡಿದಿರುತ್ತವೆ. ಅವುಗಳ ಸಂಚಾರದಿಂದಲೇ ಲೋಹವು ವಿದ್ಯುತ್ತನ್ನೂ ಶಾಖವನ್ನೂ ಚೆನ್ನಾಗಿ ಒಯ್ಯುತ್ತದೆ. ಪದರ ಜಾರಿದರೂ ನಡುವಣ ಎಲೆಕ್ಟ್ರಾನುಗಳ ಹಿಡಿತ ತಪ್ಪದು. ಅಂತೆಯೇ ತಾಮ್ರವನ್ನು ತಂತಿಯಾಗಿ ಎಳೆಯಬಹುದು, ಚಿನ್ನವನ್ನು ರೇಕಾಗಿ ಬಡಿಯಬಹುದು. ಹೀಗೆಂದು ಲೋಹಬಂಧವೆಲ್ಲ ಸೋಡಿಯಂನಲ್ಲಿರುವಂತೆ ಮೆದುವಲ್ಲ: ಟಂಗ್‌ಸ್ಟನ್ 3,400 ಡಿಗ್ರಿಯವರೆಗೂ ಕರಗದು.

ತನ್ನ ಒಂದು ಎಲೆಕ್ಟ್ರಾನು ಸಮುದಾಯದ ಸೊತ್ತಾಗಿರುವವರೆಗೆ ಸೋಡಿಯಂ ಲೋಹ. ಅದನ್ನು ಕ್ಲೋರೀನಿಗೆ ಬಿಟ್ಟುಕೊಟ್ಟೊಡನೆ ಲವಣದ ಅಂಗ. ವಸ್ತುವಿನ ಗುಣವನ್ನರಿಯಲು ಅದರಲ್ಲಿ ಯಾವ ಮೂಲವಸ್ತುಗಳಿವೆಯೆಂದು ಕೇಳಿದರೆ ಸಾಲದು. ಅವು ಹೇಗೆ ಬಂಧಿತವಾಗಿವೆಯೆಂಬುದನ್ನೂ ಕೇಳಬೇಕು.