ದೂರಸ್ಥಳದ ಸರ್ವರಿಗೆ ಬ್ಯಾಕಪ್ ದತ್ತಾಂಶದ ಸುರಕ್ಷಿತ ಸ್ಥಳಾಂತರ: ಭೂದಾಖಲೆಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹಾಸನ ಜಿಲ್ಲೆಯ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವನ್ನು ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದರು. ದೇವಾಲಯದ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ಚದುರಿದ್ದ ದಾನದತ್ತಿಗಳ ಬರಹವು ಮುದ್ರಣದ ಮೂಲಕ ದೂರದ ಗ್ರಂಥಾಲಯಗಳನ್ನು ಸೇರಿತು. ಕಲ್ಲು ಸವೆದರೂ ಪಾಠ ಉಳಿಯುವುದಕ್ಕೆ ಇದರಿಂದ ದಾರಿಯಾಯಿತು. ಆದರೆ ಪಡಿಯಚ್ಚಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಉಳಿಯುವುದು ಆ ತಪ್ಪೇ. ಆದ್ದರಿಂದ ಮೂಲವು ಕೈಗೆಟಕುವಷ್ಟು ಕಾಲ ಪ್ರತಿಯನ್ನು ಅದರೊಡನೆ ಹೋಲಿಸಿ ನೋಡುವುದು ಶಾಸನತಜ್ಞರ ಕರ್ತವ್ಯವಾಗಿದೆ. ಗಣಕೀಕೃತ ದಾಖಲೆಗಳ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ.

ಕರ್ನಾಟಕದ 'ಭೂಮಿ' ಯೋಜನೆಯು ಈ ವಿಚಾರಕ್ಕೆ ಸೂಕ್ತ ನಿದರ್ಶನ. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಈ ಯೋಜನೆಯಡಿ ಗಣಕಕ್ಕೆ ಏರಿದವು. ಗ್ರಾಮ ಲೆಕ್ಕಾಧಿಕಾರಿಯ ಕೈಬರಹದ ಪಹಣಿಯ ಸ್ಥಾನವನ್ನು ತಾಲ್ಲೂಕು ಕೇಂದ್ರದಲ್ಲಿ ದೊರೆಯುವ ಗಣಕೀಕೃತ ಪಹಣಿಯು ಪಡೆಯಿತು. ತಾಲ್ಲೂಕು ಕಚೇರಿಗಳ ಸರ್ವರುಗಳಲ್ಲಿದ್ದ ದತ್ತಾಂಶವು ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದತ್ತ ಸಾಗಿತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತನೊಬ್ಬನು ಬೆಳೆಸಾಲಕ್ಕಾಗಲಿ, ಪಾಲುಪಟ್ಟಿಗಾಗಲಿ, ನ್ಯಾಯಾಲಯದ ವ್ಯಾಜ್ಯಕ್ಕಾಗಲಿ ಮುಂದಿಡಬೇಕಾದುದು ಈ ಪಹಣಿಯನ್ನೇ. ಆದಕಾರಣ ದಾಖಲೆಯ ಪ್ರತಿಯು ಎಲ್ಲಿ, ಹೇಗೆ ಉಳಿದಿದೆ ಎಂಬ ಪ್ರಶ್ನೆಯು ಕೇವಲ ತಂತ್ರಜ್ಞರಿಗೆ ಸಂಬಂಧಿಸಿದ್ದಲ್ಲ.

ದೂರಸ್ಥಳದ ಅಗತ್ಯ

ಮೂಲ ದತ್ತಾಂಶ ಮತ್ತು ಅದರ ಬ್ಯಾಕಪ್ ಒಂದೇ ಕಟ್ಟಡದಲ್ಲಿದ್ದರೆ ಬೆಂಕಿಯೊಂದು ಎರಡನ್ನೂ ನಾಶಪಡಿಸಬಲ್ಲದು. ದಕ್ಷಿಣ ಕೊರಿಯಾದ ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಸಂಭವಿಸಿದ ಅಗ್ನಿ ಅನಾಹುತದಲ್ಲಿ, ಹೊರಗೆಲ್ಲೂ ಬ್ಯಾಕಪ್ ಇಲ್ಲದಿದ್ದ ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳು ನಷ್ಟವಾದವು. ಇದಕ್ಕೆ ಪ್ರತಿಯಾಗಿ, ಉಪಗ್ರಹಗಳ ನಿಯಂತ್ರಣಕ್ಕೆಂದು 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ 2005ರಲ್ಲಿ ಭೋಪಾಲದಲ್ಲಿ ಮತ್ತೊಂದು ನೆಲೆಯನ್ನು ಒದಗಿಸಲಾಯಿತು. ಒಂದೇ ಸ್ಥಳವನ್ನು ನೆಚ್ಚಿರಬಾರದೆಂಬ ವಿವೇಕ ಇಲ್ಲಿ ಕಾಣುತ್ತದೆ.

ಆದರೆ ದೂರದಲ್ಲೊಂದು ಪ್ರತಿರೂಪವಿದ್ದ ಮಾತ್ರಕ್ಕೆ ಸುರಕ್ಷತೆ ದೊರೆಯುವುದಿಲ್ಲ. ರೆಪ್ಲಿಕೇಷನ್ ಸರ್ವರು ಮೂಲದಲ್ಲಾದ ಪ್ರತಿಯೊಂದು ಬದಲಾವಣೆಯನ್ನೂ ಅನುಸರಿಸುತ್ತದೆ. ತಪ್ಪಾಗಿ ಅಳಿಸಿದ ದಾಖಲೆಯನ್ನು ಅದೂ ಅಳಿಸುತ್ತದೆ. ದುಷ್ಟ ತಂತ್ರಾಂಶವು ಕೆಡಿಸಿದ ಕಡತವನ್ನು ಕೆಟ್ಟ ರೂಪದಲ್ಲಿಯೇ ಸ್ವೀಕರಿಸುತ್ತದೆ. ಆದ್ದರಿಂದ ಹೊಸ ಸರ್ವರಿನಲ್ಲಿ ದಿನಾಂಕವಾರು ಹಿಂದಿನ ಪ್ರತಿಗಳನ್ನು, ನಿಗದಿತ ಅವಧಿಯವರೆಗೆ ಯಾರೂ ತಿದ್ದಲಾಗದಂತೆ, ಪ್ರತ್ಯೇಕವಾಗಿ ಇರಿಸುವುದು ಅವಶ್ಯಕ.

ಸ್ಥಳಾಂತರದ ಹಂತಗಳು

ಮೊದಲನೆಯದು ಪ್ರತಿಯ ಸಿದ್ಧತೆ. ಕೆಲಸ ನಡೆಯುತ್ತಿರುವ ದತ್ತಸಂಚಯದ ಕಡತಗಳನ್ನು ಹಾಗೆಯೇ ನಕಲು ಮಾಡಿದರೆ, ಮಾರಿದವನ ಹೆಸರು ತೆಗೆದು ಕೊಂಡವನ ಹೆಸರು ಇನ್ನೂ ಸೇರದ ಅರೆಬರೆ ಸ್ಥಿತಿ ಪ್ರತಿಯಲ್ಲಿ ಉಳಿಯಬಹುದು. ಹೀಗಾಗಿ ಎಲ್ಲ ನಮೂದುಗಳೂ ಪೂರ್ಣಗೊಂಡ ಒಂದು ಕ್ಷಣದ ಸ್ಥಿರಚಿತ್ರವನ್ನು ತೆಗೆದುಕೊಳ್ಳಬೇಕು. ತರುವಾಯ ಪ್ರತಿ ಕಡತಕ್ಕೂ ಎಸ್‌ಎಚ್‌ಎ-256ರಂತಹ ವಿಧಾನದಿಂದ ಹ್ಯಾಶ್ ಮೌಲ್ಯವನ್ನು ಕಂಡುಹಿಡಿದು ಪಟ್ಟಿ ಮಾಡಬೇಕು. 2 ಎಕರೆ 10 ಗುಂಟೆ ಎಂಬುದು 2 ಎಕರೆ 1 ಗುಂಟೆ ಎಂದಾದರೆ ರೈತನು ಒಂಬತ್ತು ಗುಂಟೆ ಕಳೆದುಕೊಳ್ಳುತ್ತಾನೆ. ಆ ಒಂದು ಸೊನ್ನೆಯ ವ್ಯತ್ಯಾಸಕ್ಕೆ ಕಡತದ ಹ್ಯಾಶ್ ಮೌಲ್ಯವು ಸಂಪೂರ್ಣವಾಗಿ ಬೇರೆಯಾಗುತ್ತದೆ. ಈ ಪಟ್ಟಿಯು ದತ್ತಾಂಶದ ಜೊತೆಯಲ್ಲಿಯೇ ಸಾಗಿದರೆ ಎರಡನ್ನೂ ಒಟ್ಟಿಗೆ ತಿದ್ದಲು ಅವಕಾಶವಾಗುವುದರಿಂದ ಅದನ್ನು ಬೇರೆ ಮಾರ್ಗದಲ್ಲಿ ತಲುಪಿಸುವುದು ಲೇಸು.

ಎರಡನೆಯದು ಸಾಗಣೆ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 2 ಟೆರಾಬೈಟ್ ದತ್ತಾಂಶವನ್ನು ಕಳುಹಿಸಲು, ಯಾವ ಅಡ್ಡಿಯೂ ಇಲ್ಲದಿದ್ದರೂ, 18 ದಿನಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಮೊದಲ ಪೂರ್ಣಪ್ರತಿಯನ್ನು ಗೂಢಲಿಪೀಕರಿಸಿದ ಡಿಸ್ಕಿನಲ್ಲಿ ಒಯ್ದು, ಅನಂತರದ ಬದಲಾವಣೆಗಳನ್ನಷ್ಟೇ ಎಸ್‌ಎಸ್‌ಎಚ್‌ನಂತಹ ಸುರಕ್ಷಿತ ಸಂಪರ್ಕದ ಮೂಲಕ ಕಳುಹಿಸುವ ಕ್ರಮವು ರೂಢಿಯಲ್ಲಿದೆ. ಮೊದಲ ಸಂಪರ್ಕಕ್ಕೆ ಮುನ್ನ ಎದುರಿನ ಸರ್ವರಿನ ಕೀಲಿಗುರುತನ್ನು ದೂರವಾಣಿ ಅಥವಾ ಪತ್ರದ ಮೂಲಕ ಖಚಿತಪಡಿಸಿಕೊಳ್ಳಬೇಕು. ಗೂಢಲಿಪಿಯ ಕೀಲಿಯನ್ನು ಡಿಸ್ಕಿನೊಡನೆ ಕಳುಹಿಸಬಾರದು. ಅದು ಕಳೆದುಹೋಗದಂತೆ ಇಬ್ಬರು ಜವಾಬ್ದಾರರ ವಶದಲ್ಲಿರಬೇಕು. ಕೀಲಿ ಕಳೆದರೆ ಪ್ರತಿಯಿದ್ದೂ ಇಲ್ಲದಂತೆ. ಮೂಲ ಕಚೇರಿಯು ಪ್ರತಿಯನ್ನು ತಳ್ಳುವುದಕ್ಕಿಂತ, ಓದುವ ಅಧಿಕಾರ ಮಾತ್ರವುಳ್ಳ ಖಾತೆಯಿಂದ ಹೊಸ ಸರ್ವರೇ ಅದನ್ನು ಸೆಳೆದುಕೊಳ್ಳುವುದು ಮೇಲು. ಆಗ ಮೂಲ ಕಚೇರಿಯೊಳಗೆ ನುಗ್ಗಿದವನಿಗೆ ದೂರದ ಪ್ರತಿಗಳನ್ನು ಅಳಿಸುವ ಅಧಿಕಾರ ದೊರೆಯುವುದಿಲ್ಲ.

ಪಹಣಿಯು ಸಾರ್ವಜನಿಕರು ಪಡೆಯಬಹುದಾದ ದಾಖಲೆಯಾದುದರಿಂದ ಅದರಲ್ಲಿ ಗೋಪ್ಯತೆಗಿಂತ ಅವಿಕಲತೆಯೇ ಮುಖ್ಯವಾದುದು. ಆದರೆ ದಾಖಲೆಯನ್ನು ತಿದ್ದಲು ಅಧಿಕಾರವುಳ್ಳ ಸಿಬ್ಬಂದಿಯ ಬೆರಳಚ್ಚು, ಗುಪ್ತಪದಗಳಂತಹ ವಿವರಗಳು ಬಯಲಾದರೆ ಆ ಅವಿಕಲತೆಗೇ ಧಕ್ಕೆಯೊದಗುತ್ತದೆ. ಎರಡನ್ನೂ ಒಟ್ಟಿಗೆ ಕಾಯಬೇಕಾಗುವುದು ಈ ಕಾರಣದಿಂದಲೇ.

ಮೂರನೆಯದು ಪರಿಶೀಲನೆ. ಹ್ಯಾಶ್ ಪಟ್ಟಿ ಸರಿಹೊಂದಿದರೆ ಕಡತವು ಮಾರ್ಗದಲ್ಲಿ ಕೆಡಲಿಲ್ಲವೆಂದು ತಿಳಿಯುತ್ತದೆ. ಅದು ಮರಳಿ ಬಳಕೆಗೆ ಬರುತ್ತದೆಯೆಂದು ತಿಳಿಯುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ದತ್ತಸಂಚಯವು ತಪ್ಪಾಗಿ ಅಳಿಸಿಹೋದಾಗ, ನಿಯತವಾಗಿ ನಡೆಯುತ್ತಿದೆಯೆಂದು ನಂಬಿದ್ದ ಬ್ಯಾಕಪ್ ವಿಧಾನಗಳು ವಿಫಲವಾಗಿದ್ದುದು ಬೆಳಕಿಗೆ ಬಂದಿತು. ಆದಕಾರಣ ಬೇರೊಂದು ಗಣಕದಲ್ಲಿ ಪ್ರತಿಯಿಂದಲೇ ದತ್ತಸಂಚಯವನ್ನು ಪುನಃ ಕಟ್ಟಬೇಕು. ಹರದನಹಳ್ಳಿಯಂತಹ ಒಂದು ಗ್ರಾಮವನ್ನು ಆರಿಸಿಕೊಂಡು ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು, ಹಕ್ಕು ಬದಲಾವಣೆಯ ಅನುಕ್ರಮ ಇವನ್ನು ಮೂಲದೊಡನೆ ಹೋಲಿಸಬೇಕು. ಪುನರ್ನಿರ್ಮಾಣಕ್ಕೆ ಹಿಡಿದ ಕಾಲವನ್ನೂ ದಾಖಲಿಸಬೇಕು. ಅನಾಹುತದ ನಂತರ ಜನರು ಎಷ್ಟು ದಿನ ಕಾಯಬೇಕಾದೀತೆಂಬುದಕ್ಕೆ ಅದೇ ಪ್ರಮಾಣ.

ಇವೆಲ್ಲ ಮುಗಿದ ಮೇಲೆಯೇ ಹಳೆಯ ಸರ್ವರಿನ ಪ್ರಶ್ನೆ ಬರುತ್ತದೆ. ಹೊಸ ಸರ್ವರಿನಿಂದ ಪುನರ್ನಿರ್ಮಾಣವು ಯಶಸ್ವಿಯಾಗಿ, ಕೆಲಕಾಲ ಎರಡೂ ಜೊತೆಜೊತೆಯಾಗಿ ನಡೆದ ಬಳಿಕವಷ್ಟೇ ಹಳೆಯದನ್ನು ಅಳಿಸಬಹುದು. ಅವಸರದಿಂದ ಮೂಲವನ್ನು ಕೈಬಿಟ್ಟರೆ ಹೋಲಿಸಲು ಯಾವುದೂ ಉಳಿಯುವುದಿಲ್ಲ. ಶಾಸನದ ಪಾಠಕ್ಕೆ ಕಲ್ಲು ಹೇಗೆ ಸಾಕ್ಷಿಯೋ, ಹೊಸ ಪ್ರತಿಗೆ ಹಳೆಯ ಪ್ರತಿಯು ಹಾಗೆಯೇ ಸಾಕ್ಷಿ. ಸಾಕ್ಷಿಯ ಹೇಳಿಕೆ ಮುಗಿಯುವವರೆಗೆ ಅದನ್ನು ಉಳಿಸಿಕೊಳ್ಳುವುದೇ ಸುರಕ್ಷಿತ ಸ್ಥಳಾಂತರದ ಮುಖ್ಯ ಸೂತ್ರವೆನ್ನಬಹುದು.